ಅಂತಃಸಾಕ್ಷಿಯ ಎರಡು ಬದಿಗಳು

ರಾಜಕೀಯವೆಂಬುದು ಕೆಸರು, ವಿಶ್ವಾಸಿಗೆ ಅದರ ಗೊಡವೆ ಏಕೆ ಎನ್ನುವವರು ನಮ್ಮಲ್ಲಿ ಹಲವರಿದ್ದಾರೆ. ಆದರೆ ಹೆಜ್ಜೆಗುರುತುಗಳು ಸ್ಪಷ್ಟವಾಗಿ ಮೂಡುವುದು ಕೆಸರಿನಲ್ಲಿಯೇ. ರಾಜಕಾರಣಿಗಳ ಜೀವನಚರಿತ್ರೆಯನ್ನು ಓದಬೇಕಾದುದು ಆ ಹೆಜ್ಜೆಗಳನ್ನು ಅರಿಯುವುದಕ್ಕಾಗಿ.

ಇಂಗ್ಲೆಂಡಿನ ಸಂತ ಥಾಮಸ್ ಮೋರ್ ಅವರ ಬಾಳನ್ನೇ ನೋಡೋಣ. ನ್ಯಾಯವಾದಿಯೂ ಲೇಖಕರೂ ಆಗಿದ್ದ ಈ ಗೃಹಸ್ಥರು 1529ರಲ್ಲಿ ಎಂಟನೇ ಹೆನ್ರಿ ದೊರೆಯ ಲಾರ್ಡ್ ಚಾನ್ಸಲರ್ ಆದರು. ದೊರೆಯು ಧರ್ಮಸಭೆಯನ್ನು ತನ್ನ ಅಧೀನಕ್ಕೆ ತರಲು ಹೊರಟಾಗ, 1532ರಲ್ಲಿ ಆ ಪದವಿಯನ್ನು ತೊರೆದರು. 1534ರಲ್ಲಿ ಹೊಸ ಉತ್ತರಾಧಿಕಾರದ ಪ್ರಮಾಣವಚನವನ್ನು ನಿರಾಕರಿಸಿ ಲಂಡನ್ ಗೋಪುರದಲ್ಲಿ ಸೆರೆಯಾದರು. ಪ್ರೀತಿಯ ಮಗಳು ಮಾರ್ಗರೆಟ್ ಅವರ ಮನವೊಲಿಸಲು ಯತ್ನಿಸಿದರೂ ಅವರು ಕದಲಲಿಲ್ಲ. ಪ್ರಮಾಣ ಮಾಡಿದವರನ್ನು ದೂಷಿಸಲೂ ಇಲ್ಲ. 1535ರ ಜುಲೈ 6ರಂದು ಅವರ ಶಿರಚ್ಛೇದವಾಯಿತು.

ಅಳಿಯ ವಿಲಿಯಂ ರೋಪರ್ ಮಾವನ ಬಾಳನ್ನು ಅಕ್ಕರೆಯಿಂದ ಬರೆದಿಟ್ಟರು. ಅಲ್ಲಿಗೇ ಪುಸ್ತಕವನ್ನು ಮುಚ್ಚಿದರೆ ನಮ್ಮ ಮನಸ್ಸಿಗೆ ಹಿತ. ಆದರೆ ನಂತರದ ಚರಿತ್ರಕಾರರು ಇನ್ನೊಂದು ಪುಟವನ್ನೂ ತೆರೆದಿದ್ದಾರೆ. ಮೋರ್ ಅಧಿಕಾರದಲ್ಲಿದ್ದಾಗ, ಪಾಷಂಡಿಗಳೆಂಬ ತೀರ್ಪಿಗೆ ಗುರಿಯಾದ ಆರು ಮಂದಿಯನ್ನು ಸಜೀವವಾಗಿ ಸುಡಲಾಯಿತು. ಆ ಶಿಕ್ಷೆಯನ್ನು ಅವರು ತಮ್ಮ ಬರಹಗಳಲ್ಲಿ ಸಮರ್ಥಿಸಿಕೊಂಡರು. ಅವರಲ್ಲಿದ್ದುದು ಕಪಟವಲ್ಲ, ಜನರ ಆತ್ಮರಕ್ಷಣೆಗೆ ಅದು ಅಗತ್ಯವೆಂದೇ ನಂಬಿದ್ದರು. ನಮ್ಮನ್ನು ನಡುಗಿಸಬೇಕಾದುದು ಆ ಪ್ರಾಮಾಣಿಕತೆಯೇ. ಸೆರೆಮನೆಯಲ್ಲಿ ತಮ್ಮ ಅಂತಃಸಾಕ್ಷಿಗೆ ಬಯಸಿದ ಮನ್ನಣೆಯನ್ನು, ಅಧಿಕಾರದ ಪೀಠದಲ್ಲಿದ್ದಾಗ ಅವರು ಆ ಆರು ಮಂದಿಗೆ ನೀಡಿರಲಿಲ್ಲ.

1935ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಸಾರಿತು. 2000ದಲ್ಲಿ ಜಗದ್ಗುರು ಎರಡನೇ ಜಾನ್ ಪಾಲ್ ಅವರು ಮೋರ್ ಅವರನ್ನು ರಾಜಕಾರಣಿಗಳ ಪಾಲಕ ಸಂತರೆಂದು ಘೋಷಿಸಿದರು. ಅದೇ ಘೋಷಣೆಯಲ್ಲಿ, ಪಾಷಂಡಿಗಳ ವಿಷಯದಲ್ಲಿ ಮೋರ್ ತಮ್ಮ ಕಾಲದ ಮಿತಿಗಳಿಗೆ ಒಳಗಾಗಿದ್ದರೆಂದೂ ಒಪ್ಪಿಕೊಂಡರು. ಅಷ್ಟರಲ್ಲಿ ಧರ್ಮಸಭೆಯೂ ಬಹುದೂರ ಸಾಗಿ ಬಂದಿತ್ತು: ವಿಶ್ವಾಸದ ವಿಷಯದಲ್ಲಿ ಯಾರನ್ನೂ ಬಲವಂತಪಡಿಸಬಾರದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಬೋಧಿಸಿತ್ತು. ಸತ್ಯವನ್ನು ಮರೆಮಾಚದೆಯೂ ಸಂತರನ್ನು ಗೌರವಿಸಬಹುದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೇ?

ನಮ್ಮ ಓದು ಹಲವು ಬಾರಿ ನಮಗೆ ಬೇಕಾದುದನ್ನಷ್ಟೇ ಆರಿಸಿಕೊಳ್ಳುತ್ತದೆ. ಮೆಚ್ಚಿನ ನಾಯಕನ ತಪ್ಪಿಗೆ ಕಾಲದ ನೆಪ ಹೇಳುತ್ತೇವೆ, ಒಲ್ಲದವನ ತಪ್ಪನ್ನು ಅವನ ಸ್ವಭಾವವೆನ್ನುತ್ತೇವೆ. ಅಲ್ಪಸಂಖ್ಯಾತರಾಗಿ ನಮ್ಮ ವಿಶ್ವಾಸಕ್ಕೆ ರಕ್ಷಣೆ ಕೇಳುವುದು ನಮ್ಮ ಹಕ್ಕು. ಆದರೆ ನಮ್ಮವರೇ ಹೆಚ್ಚಾಗಿರುವ ಊರಿನಲ್ಲಿ, ಸಂಸ್ಥೆಯಲ್ಲಿ, ಮನೆಯಲ್ಲಿ, ಭಿನ್ನವಾಗಿ ಯೋಚಿಸುವವರಿಗೆ ಅದೇ ರಕ್ಷಣೆ ದೊರೆಯುತ್ತಿದೆಯೇ? ಮತ ಕೇಳಲು ಬಂದವರಿಗೆ ಹಾಕುವ ಈ ಪ್ರಶ್ನೆಯನ್ನು ಮೊದಲು ನಮಗೆ ನಾವೇ ಹಾಕಿಕೊಳ್ಳೋಣ.