ಪಟ್ಟೆ ಕಪ್ಪೋ, ಕಂದೋ?

ಮೊಮ್ಮಗಳಿಗೆ ಆಗ ಮೂರೂವರೆ ವರ್ಷ. ಅವಳಿಗೆ ಬಣ್ಣಗಳ ಹೆಸರು ಹೇಳಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದಕ್ಕೆಂದು ಒಂದು ಚಿತ್ರಪುಸ್ತಕ ತಂದಿದ್ದೆ. ಹಳದಿಗೆ ಸಿಂಹದ ಮರಿ, ಬೂದುಬಣ್ಣಕ್ಕೆ ಆನೆಮರಿ, ಕಪ್ಪು ಬಿಳುಪಿಗೆ ಜೀಬ್ರಾ ಮರಿ. ಹಾಳೆ ತಿರುವಿ ಕೇಳಿದರೆ ಹುಡುಗಿ ತಪ್ಪಿಲ್ಲದೆ ಒಪ್ಪಿಸುತ್ತಿದ್ದಳು. ಆ ಹೆಮ್ಮೆಯಲ್ಲೇ ಒಂದು ಭಾನುವಾರ ಅವಳನ್ನು ಮೈಸೂರಿನ ಮೃಗಾಲಯಕ್ಕೆ ಕರೆದೊಯ್ದೆ. 1892ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಸ್ಥಾಪಿಸಿದ ಆ ತೋಟದಲ್ಲಿ ನಾನೂ ಒಂದು ಕಾಲಕ್ಕೆ ತಂದೆಯ ಕೈಹಿಡಿದು ಅಲೆದವನೇ.

ಜೀಬ್ರಾಗಳ ಆವರಣದಲ್ಲಿ ತಾಯಿಯ ಮಗ್ಗುಲಿಗೆ ಒಂದು ಮರಿ ನಿಂತಿತ್ತು. “ಪುಟ್ಟೀ, ಮರಿಯ ಪಟ್ಟೆ ಯಾವ ಬಣ್ಣ?” ಎಂದೆ. ಅವಳು ಬೇಲಿಯ ಸಂದಿಯಿಂದ ಬಹಳ ಹೊತ್ತು ನೋಡಿ, “ಕಂದು, ತಾತ” ಎಂದಳು.

“ಅಲ್ಲಮ್ಮ, ಕಪ್ಪು. ಪುಸ್ತಕದಲ್ಲಿ ನೋಡಿಲ್ಲವೆ?”

ಅವಳು ಮರಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಮೆಲ್ಲಗೆ “ಕಪ್ಪು” ಎಂದಳು.

ಆಮೇಲೆ ನಾನು ಕನ್ನಡಕ ಸರಿಮಾಡಿಕೊಂಡು ನೋಡಿದೆ. ತಾಯಿಯ ಪಟ್ಟೆ ಕಪ್ಪು; ಮರಿಯದು ಕಾಫಿಪುಡಿಯ ಬಣ್ಣ. ಜೀಬ್ರಾ ಮರಿ ಹುಟ್ಟುವುದೇ ಕಂದು ಪಟ್ಟೆಯೊಡನೆ. ಬೆಳೆಯುತ್ತ ಅದು ಕಪ್ಪಾಗುತ್ತದೆ. ಹುಡುಗಿ ಹೇಳಿದ್ದು ಕಣ್ಣೆದುರಿನ ಮಾತು. ನಾನು ಹೇಳಿದ್ದು ಪುಸ್ತಕದ ಮಾತು.

ಇಷ್ಟು ಸಣ್ಣ ಸಂಗತಿಗೆ ಇಷ್ಟು ಯೋಚನೆ ಏಕೆ ಎಂದು ಓದುಗರು ಕೇಳಬಹುದು. ಎಳೆಯ ಮಗುವಿಗೆ ಮೊದಲು ಸರಳವಾದದ್ದನ್ನು ಹೇಳಿಕೊಡಬೇಕು, ಅಪವಾದಗಳನ್ನು ಆಮೇಲೆ ತಿಳಿಸಿದರಾಯಿತು ಎಂಬ ವಾದವೂ ಇದೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ‘ಕಂದು’ ಎಂಬ ಮಾತನ್ನು ಕಲಿತಿರದಿದ್ದರೆ ಆ ಮಗು ನನ್ನನ್ನು ತಿದ್ದುವಂತೆಯೇ ಇರಲಿಲ್ಲ. ಹೆಸರು ಬೇಕು. ಆದರೆ ಸರಳವಾದದ್ದು ಬೇರೆ, ಸುಳ್ಳು ಬೇರೆ. ಕಂಡದ್ದನ್ನು ಗುರುತಿಸಲು ಕೊಟ್ಟ ಹೆಸರು, ಕಂಡದ್ದನ್ನೇ ಅಲ್ಲಗಳೆಯುವ ಅಧಿಕಾರವಾದರೆ, ಮಗು ಕಲಿಯುವುದು ಬಣ್ಣವನ್ನಲ್ಲ. ಹಿರಿಯರ ಮಾತಿನ ಮುಂದೆ ತನ್ನ ಕಣ್ಣನ್ನು ನಂಬಬಾರದೆಂಬುದನ್ನು.

ನಮ್ಮ ಹಳ್ಳಿಯ ಮಕ್ಕಳು ಬಣ್ಣ ಕಲಿತದ್ದು ಕೊಟ್ಟಿಗೆಯಲ್ಲಿ. ಕೆಂಚಿ, ಕರಿಯ, ಹಂಡ ಎಂದು ಕರುಗಳ ಹೆಸರಿನಲ್ಲೇ ಮೈಬಣ್ಣವಿರುತ್ತಿತ್ತು. ಅಲ್ಲಿ ಮೊದಲು ಕರು, ಆಮೇಲೆ ಹೆಸರು. ನಗರದ ಮಗುವಿಗೆ ಮೊದಲು ಹೆಸರು, ಆಮೇಲೆ ಚಿತ್ರ. ಪ್ರಾಣಿ ಎಂದಾದರೊಂದು ರಜೆಯ ದಿನ. ಹಾಗೆಂದು ಪುಸ್ತಕವನ್ನು ಎಸೆಯಬೇಕಾಗಿಲ್ಲ. ಅದನ್ನು ಪ್ರಾಣಿಯ ಎದುರು ಹಿಡಿದು ತಾಳೆ ನೋಡುವ ಸ್ವಾತಂತ್ರ್ಯ ಮಗುವಿಗಿದ್ದರೆ ಸಾಕು.

ಈ ತಾಳೆ ನೋಡುವ ಆಟಕ್ಕೆ ಮರಿಗಳಷ್ಟು ಒಳ್ಳೆಯ ಗುರುಗಳಿಲ್ಲ. ಪುಸ್ತಕ ಹಳದಿ ಎನ್ನುವ ಸಿಂಹದ ಮರಿಯ ಮೈಮೇಲೆ ಮಾಸಲು ಚುಕ್ಕೆಗಳಿರುತ್ತವೆ. ಬೂದುಬಣ್ಣದ ಮುಸುವದ ಮರಿ ಹುಟ್ಟುವಾಗ ಕಡುಗಂದು. ಕಾಡುಹಂದಿಯ ಮರಿಗೆ ಬೆನ್ನುದ್ದಕ್ಕೂ ಪಟ್ಟೆ. ಕೆಲವು ತಿಂಗಳಲ್ಲಿ ಅದು ಮಾಯ. ಚುಕ್ಕೆಜಿಂಕೆಯ ಮರಿಯಾದರೋ ಹುಟ್ಟಿನ ಚುಕ್ಕೆಯನ್ನು ಬಾಳುದ್ದಕ್ಕೂ ಉಳಿಸಿಕೊಳ್ಳುತ್ತದೆ. ‘ಪಟ್ಟೆ’ ಎಂಬ ಮಾತು ಒಂದೇ. ಆದರೆ ಒಂದು ಜೀಬ್ರಾದ ಪಟ್ಟೆಯಂತೆ ಇನ್ನೊಂದರ ಪಟ್ಟೆ ಇರುವುದಿಲ್ಲ. ಇವು ಯಾವುವೂ ನಮಗೆ ಪಾಠ ಹೇಳಲೆಂದು ಬಣ್ಣ ತೊಟ್ಟವಲ್ಲ. ಹಂದಿಮರಿಯ ಪಟ್ಟೆ ಪೊದೆಯ ಬಿಸಿಲು ನೆರಳಿನಲ್ಲಿ ಬೆರೆತು, ಹಿಂಸ್ರಪಶುವಿನ ಕಣ್ಣಿನಿಂದ ಅದನ್ನು ಮರೆಮಾಡುತ್ತದೆ. ಅದು ಬದುಕುವುದಕ್ಕೆ ತೊಟ್ಟ ಅಂಗಿ. ನಮಗೆ ಅದರಿಂದ ಪಾಠ ಸಿಗುವುದು ನಮ್ಮ ಭಾಗ್ಯ. ಇದನ್ನೂ ಮಗುವಿಗೆ ಹೇಳಬೇಕಲ್ಲವೆ?

ಸಂಜೆ ಬಸ್ಸಿನಲ್ಲಿ ಬರುವಾಗ ತಪ್ಪೊಪ್ಪಿಕೊಂಡೆ. “ಪುಟ್ಟೀ, ನೀನು ಹೇಳಿದ್ದೇ ಸರಿ. ಮರಿಯ ಪಟ್ಟೆ ಕಂದು.”

“ನನಗೆ ಗೊತ್ತಿತ್ತು” ಎಂದಳು, ಕಿಟಕಿಯಿಂದ ಮುಖ ತಿರುಗಿಸದೆ.

“ಮತ್ತೆ ಕಪ್ಪು ಎಂದೆಯಲ್ಲ?”

“ನೀನು ಹೇಳಿದೆಯಲ್ಲ, ತಾತ.”