ಬೆಂಕಿಗೆ ಇಳಿಯದ ಗುರು

ಸುಳ್ಳು ಹೇಳಿ ನಮ್ಮನ್ನು ತೆಗಳಿದರೆ ನಾವು ಸುಮ್ಮನಿರುವುದಿಲ್ಲ. ಆದರೆ ಸುಳ್ಳು ಹೇಳಿ ಹೊಗಳಿದರೆ? ಅದನ್ನು ತಿದ್ದುವ ಹೊಣೆ ನಮಗಿದೆಯೇ, ಅಥವಾ ಬಾಯಿ ಮುಚ್ಚಿಕೊಂಡು ಸ್ವೀಕರಿಸಬಹುದೇ? ಪ್ರಿಯ ಓದುಗರೇ, ನಾನೂರು ವರ್ಷ ಹಳೆಯ ಒಂದು ಮೊಘಲ್ ಚಿತ್ರ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಈ ಚಿತ್ರ ಈಗ ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಸಂಗ್ರಹದಲ್ಲಿದೆ. ಅಕ್ಬರನ ಆಳ್ವಿಕೆಯ ಇತಿಹಾಸವಾದ ‘ಅಕ್ಬರ್‌ನಾಮಾ’ದ ಒಂದು ಹಸ್ತಪ್ರತಿಗಾಗಿ ನರಸಿಂಗ್ ಎಂಬ ಆಸ್ಥಾನದ ಚಿತ್ರಕಾರ ಸುಮಾರು 1605ರಲ್ಲಿ ಇದನ್ನು ಬರೆದನು. ಫತೇಪುರ ಸಿಕ್ರಿಯಲ್ಲಿ ಅಕ್ಬರನು 1575ರಲ್ಲಿ ಕಟ್ಟಿಸಿದ ಇಬಾದತ್‌ಖಾನೆಯ, ಎಂದರೆ ಆರಾಧನೆಯ ಮನೆಯ, ಸಭೆಯೇ ಚಿತ್ರದ ವಸ್ತು. ಚಕ್ರವರ್ತಿ ಕುಳಿತಿದ್ದಾನೆ, ಮುಂದೆ ಬೇರೆ ಬೇರೆ ಧರ್ಮಗಳ ಪಂಡಿತರಿದ್ದಾರೆ, ಪುಸ್ತಕಗಳಿವೆ. ಅವರ ನಡುವೆ ಕಪ್ಪು ನಿಲುವಂಗಿ ತೊಟ್ಟ ಇಬ್ಬರು ನಮ್ಮ ಯಾಜಕರು. ಅಕ್ಬರನ ಆಹ್ವಾನದ ಮೇರೆಗೆ ಗೋವೆಯಿಂದ ಹೊರಟು 1580ರಲ್ಲಿ ಸಿಕ್ರಿಗೆ ತಲುಪಿದ ಯೇಸುಸಭೆಯ ಗುರುಗಳ ತಂಡಕ್ಕೆ ಇಟಲಿಯ ರೊಡಾಲ್ಫ್ ಅಕ್ವವೀವ ಮುಖಂಡರಾಗಿದ್ದರು. ಆಗ ಅವರಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ.

ಚಿತ್ರದಲ್ಲಿರುವುದು ಮಾತಿನ ಸಭೆ. ಆದರೆ ಗ್ರಂಥದ ಬರಹದಲ್ಲಿ ಒಂದು ಬೆಂಕಿಯ ಕಥೆಯೂ ಇದೆ. ಗ್ರಂಥಕರ್ತ ಅಬುಲ್ ಫಜಲ್ ಹೇಳುವ ಪ್ರಕಾರ, ವಾದ ಮುಗಿಯದಿದ್ದಾಗ ಫಾದರ್ ರೊಡಾಲ್ಫರೇ ಒಂದು ಸವಾಲು ಹಾಕಿದರು. ಬೆಂಕಿ ಹಚ್ಚಲಿ, ತಾವು ಶುಭಸಂದೇಶ ಹಿಡಿದು, ಮುಲ್ಲಾಗಳು ಕುರಾನ್ ಹಿಡಿದು ಅದರೊಳಗೆ ಹೋಗೋಣ, ಸುರಕ್ಷಿತವಾಗಿ ಬಂದವರ ಧರ್ಮ ಸತ್ಯ ಎಂಬುದೇ ಆ ಸವಾಲು. ಮುಲ್ಲಾಗಳು ಹಿಂಜರಿದರಂತೆ. ಓದಿದಾಗ ನಮ್ಮ ಎದೆ ಉಬ್ಬುವುದು ಸಹಜ.

ಆದರೆ ಗುರುಗಳು ಸ್ವತಃ ಬರೆದಿಟ್ಟಿದ್ದು ಬೇರೆ. ಬೆಂಕಿಯ ಪರೀಕ್ಷೆಯ ಮಾತು ಎದ್ದದ್ದು ನಿಜ, ಆದರೆ ಅದನ್ನು ಒಪ್ಪದವರು ಫಾದರ್ ರೊಡಾಲ್ಫರು. ಅಕ್ಬರನ ಧಾರ್ಮಿಕ ನಿಲುವುಗಳನ್ನು ಕಟುವಾಗಿ ಟೀಕಿಸಿದ ಇತಿಹಾಸಕಾರ ಬದಾಯುನಿಯೂ, ಸವಾಲು ಹಾಕಿದವನು ಒಬ್ಬ ಮುಸ್ಲಿಂ ಫಕೀರ, ಹಿಂಜರಿದವರು ಪಾದ್ರಿಗಳು ಎಂದೇ ಬರೆದಿದ್ದಾನೆ. ಗುರುಗಳೂ ಅವರನ್ನು ಮೆಚ್ಚದವನೂ ಒಂದೇ ಸಾಕ್ಷಿ ನುಡಿದಾಗ ಅದನ್ನು ನಂಬಬೇಕಾಗುತ್ತದೆ.

ಹಾಗಾದರೆ ಫಾದರ್ ರೊಡಾಲ್ಫರು ಹೇಡಿಯೇ? ಇಲ್ಲ. ದೇವಾಲಯದ ಶಿಖರದಿಂದ ಧುಮುಕಲು ಸೈತಾನನು ಪ್ರೇರೇಪಿಸಿದಾಗ ಯೇಸುಸ್ವಾಮಿ ಧುಮುಕಲಿಲ್ಲ. ತಂದೆಯ ಮೇಲೆ ನಂಬಿಕೆ ಇಲ್ಲದ್ದಕ್ಕಲ್ಲ. ನಂಬಿದವನು ಪರೀಕ್ಷೆ ಮಾಡಿ ನೋಡುವುದಿಲ್ಲ. 1215ರ ನಾಲ್ಕನೆಯ ಲಾತರನ್ ಮಹಾಸಭೆಯು ಕುದಿಯುವ ನೀರು, ಕಾದ ಕಬ್ಬಿಣದ ಪರೀಕ್ಷೆಗಳನ್ನು ಯಾಜಕರು ಆಶೀರ್ವದಿಸಬಾರದೆಂದು ವಿಧಿಸಿತು. ದೇವರಿಂದ ಪವಾಡವನ್ನು ಬಲವಂತವಾಗಿ ನಿರೀಕ್ಷಿಸುವ ಇಂಥ ಪರೀಕ್ಷೆಗಳು ಸಲ್ಲವೆಂದು ಸಂತ ತೋಮಸ್ ಅಕ್ವಿನಾಸರೂ ಕಲಿಸಿದರು. ಯೋಚಿಸಿ ನೋಡಿ. ಇಬ್ಬರೂ ಬೆಂಕಿಗಿಳಿದು ಇಬ್ಬರೂ ಸುಟ್ಟುಹೋಗಿದ್ದರೆ ಏನು ಸಾಬೀತಾಗುತ್ತಿತ್ತು? ಬೆಂಕಿ ಸುಡುತ್ತದೆ ಎಂಬುದಷ್ಟೇ. ಹೆದರಿಸಿ ಅಥವಾ ಬೆರಗುಗೊಳಿಸಿ ಒಪ್ಪಿಸಿದ್ದು ವಿಶ್ವಾಸವಾಗುವುದಿಲ್ಲ.

ಮೂರು ವರ್ಷಗಳ ನಂತರ, 1583ರ ಜುಲೈ 25ರಂದು, ಗೋವೆಯ ಕುಂಕಳ್ಳಿಯಲ್ಲಿ ಫಾದರ್ ರೊಡಾಲ್ಫರೂ ಅವರ ಸಭೆಯ ಇತರ ನಾಲ್ವರೂ ಕೊಲೆಯಾದರು. ಸಾವಿಗೆ ಹೆದರಿದ್ದರೆ ಅವರು ಆ ಊರಿಗೆ ಹೋಗುತ್ತಲೇ ಇರಲಿಲ್ಲ. 1893ರಲ್ಲಿ ಧರ್ಮಸಭೆ ಅವರನ್ನು ಪುನೀತರೆಂದು ಘೋಷಿಸಿತು. ಸತ್ಯವನ್ನೇ ಹೇಳಬೇಕೆಂದರೆ ಇಲ್ಲಿಯೂ ಪೂರ್ತಿ ಹೇಳಬೇಕು. ಆ ಭಾಗದ ಜನರ ದೇವಸ್ಥಾನಗಳನ್ನು ಪೋರ್ಚುಗೀಸರು ಅದಕ್ಕೆ ಮೊದಲೇ ಕೆಡವಿದ್ದರು; ಕೊಲೆಯ ನಂತರ ಊರಿನ ಮುಖಂಡರನ್ನು ಕರೆಸಿ ಕೊಂದರು. ರಕ್ತಸಾಕ್ಷಿಗಳನ್ನು ಗೌರವಿಸಲು ಈ ಮಾತನ್ನು ಮುಚ್ಚಿಡಬೇಕಾಗಿಲ್ಲ.

ಸುಳ್ಳುಸಾಕ್ಷಿ ಹೇಳಬೇಡ ಎಂಬುದು ಎಂಟನೆಯ ಕಟ್ಟಳೆ. ಸುಳ್ಳುಸಾಕ್ಷಿ ಎಂದೊಡನೆ ನಮಗೆ ನೆನಪಾಗುವುದು ಚಾಡಿ. ಆದರೆ ಮಗಳ ಸಂಬಂಧ ಕುದುರಿಸುವಾಗ ಇಲ್ಲದ ಆಸ್ತಿ, ಇಲ್ಲದ ಓದು ಹೇಳುತ್ತೇವಲ್ಲ, ಅದು? ಯಾರೋ ಪಟ್ಟ ಕಷ್ಟದ ಶ್ರೇಯಸ್ಸು ನಮ್ಮ ಮಗನಿಗೆ ಬಂದಾಗ ನಗುತ್ತಾ ಸುಮ್ಮನಿರುತ್ತೇವಲ್ಲ, ಅದು? ನಡೆಯದ ಪವಾಡವನ್ನು ‘ಭಕ್ತಿ ಹೆಚ್ಚಲಿ’ ಎಂದು ಹೇಳಿಕೊಂಡು ತಿರುಗುವುದು? ದೇವರಿಗೆ ನಮ್ಮ ಸುಳ್ಳಿನ ಸಹಾಯ ಬೇಕಿಲ್ಲ.

ಮೊಘಲರ ಚಿತ್ರಶಾಲೆಯಲ್ಲಿ ಎಷ್ಟೋ ಚಿತ್ರಗಳಿಗೆ ಒಬ್ಬನು ರೇಖೆ ಎಳೆದರೆ ಇನ್ನೊಬ್ಬನು ಬಣ್ಣ ತುಂಬುತ್ತಿದ್ದನು. ಮುಖ ಬರೆಯಲು ಮೂರನೆಯವನು ಬರುವುದೂ ಇತ್ತು. ಯಾರ ಕೆಲಸ ಯಾವುದೆಂದು ಪುಟದ ಅಂಚಿನಲ್ಲಿ ಗುಮಾಸ್ತನು ಗುರುತು ಹಾಕುತ್ತಿದ್ದನು. ಊರಿನಲ್ಲಿ ಒಬ್ಬರ ಹೆಸರು ಬೆಳೆಯುವುದೂ ಕೆಡುವುದೂ ಹೀಗೆಯೇ. ಒಬ್ಬರು ಗೆರೆ ಎಳೆಯುತ್ತಾರೆ, ಇನ್ನೊಬ್ಬರು ಬಣ್ಣ ಹಚ್ಚುತ್ತಾರೆ. ಅಂಚಿನಲ್ಲಿ ಮಾತ್ರ ಯಾರ ಹೆಸರೂ ಇರುವುದಿಲ್ಲ. ಹೊಗಳಿಕೆಯ ಬಣ್ಣ ಹೆಚ್ಚಾಯಿತೆಂದು ಕಂಡಾಗ, ‘ಇಲ್ಲ ಅಣ್ಣಾ, ನಡೆದದ್ದು ಹಾಗಲ್ಲ’ ಎಂದು ಹೇಳುವ ಧೈರ್ಯ ನಮ್ಮ ಮನೆಗಳಲ್ಲಿ ಬೆಳೆಯಲಿ. ಮಕ್ಕಳು ಕೇಳುವಂತೆ ಅದನ್ನು ಹೇಳೋಣ. ಬೆಂಕಿಗೆ ಇಳಿಯಲಿಲ್ಲ ಎಂದು ಬರೆದಿಡುವುದಕ್ಕೂ ಧೈರ್ಯ ಬೇಕು.