ಹರಕೆ ಹೊತ್ತವನೂ ತೀರಿಸುವವನೂ ಒಬ್ಬನೇ ಏನು?

ಶ್ರಾವಣ ಸೋಮವಾರ ಬಂತೆಂದರೆ ಬೀಳಗಿ ಸೀಮೆಯ ಗುಡ್ಡಗಳ ಕಾಲುದಾರಿಗಳಲ್ಲಿ ಜನ ಬರಿಗಾಲಲ್ಲಿ ನಡೆಯುತ್ತಾರೆ. ಕೆಲವರು ದೀಡ ನಮಸ್ಕಾರ ಹಾಕುತ್ತಾರೆ, ಕೆಲವರು ತಲೆಯ ಮೇಲೆ ಕೊಡ ಹೊತ್ತು ಬರುತ್ತಾರೆ. ಸದ್ಭಕ್ತರು ಇವರಲ್ಲಿ ಒಬ್ಬ ಯಜಮಾನರನ್ನು ಮನಸ್ಸಿಗೆ ತಂದುಕೊಳ್ಳಬೇಕು. ವಯಸ್ಸು ಎಪ್ಪತ್ತರ ಮೇಲೆ. ತಾವು ಇಪ್ಪತ್ತೈದರ ಹುಡುಗ ಇದ್ದಾಗ, ಕೂಸಿಗೆ ಜ್ವರ ಏರಿದ ಒಂದು ರಾತ್ರಿ, "ಊರ ಹೊಳೆಯ ನೀರು ಹೊತ್ತು ನಡೆದು ಬಂದು ನಿನಗೆ ಎರೀತೀನಿ" ಎಂದು ಬೇಡಿಕೊಂಡವರು. ಕೂಸು ಉಳಿಯಿತು. ಹರಕೆ ಮಾತ್ರ ಈ ವರ್ಷ ಆ ವರ್ಷ ಎಂದು ಮುಂದಕ್ಕೆ ಹೋಯಿತು. ಸಂಸಾರಸ್ಥರಿಗೆ ಇದು ಹೊಸದಲ್ಲ.

ಈಗ ಅವರು ಹೊರಟಿದ್ದಾರೆ. ಜೊತೆಗಿದ್ದ ಮೊಮ್ಮಗ ದಾರಿಯಲ್ಲಿ ಕೇಳುತ್ತಾನೆ: "ಮುತ್ಯಾ, ಆ ಊರೂ ಇಲ್ಲ, ಆ ಹೊಳಿ ದಂಡೀನೂ ಇಲ್ಲ. ಆವಾಗಿನ ನೀನೂ ಈಗ ಇಲ್ಲ. ಯಾರ ಹರಕಿ ತೀರಸಾಕ ಹೊಂಟೀದಿ?"

ಹುಡುಗ ಚೇಷ್ಟೆಗೆ ಕೇಳಿದರೂ ಪ್ರಶ್ನೆ ಹಗುರವಾದದ್ದಲ್ಲ.

ಊರು ಇಲ್ಲ ಎನ್ನುವುದು ಈ ಭಾಗದಲ್ಲಿ ಮಾತಿಗೆ ಹೇಳುವ ಮಾತಲ್ಲ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. 2000ದಲ್ಲಿ ಸುಪ್ರೀಂ ಕೋರ್ಟು 519.60 ಮೀಟರ್ ಎತ್ತರಕ್ಕೆ ನೀರು ನಿಲ್ಲಿಸಲು ಒಪ್ಪಿಗೆ ಕೊಟ್ಟಿತು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅದನ್ನು ನಾಡಿಗೆ ಅರ್ಪಿಸಿದರು. ಕೃಷ್ಣೆಯಲ್ಲೂ ಘಟಪ್ರಭೆಯಲ್ಲೂ ಹಿನ್ನೀರು ನಿಂತು ದಂಡೆಯ ಎರೆ ಹೊಲ, ಮನೆ, ಗುಡಿ, ಬಾವಿ ಮುಳುಗಿದವು. ಬಾಗಲಕೋಟೆಯಂಥ ಪಟ್ಟಣದ ಭಾಗಗಳೇ ಮುಳುಗಿ ನವನಗರ ಎದ್ದಿತು. ಹಳ್ಳಿಗಳ ಜನ ಪುನರ್ವಸತಿ ಕೇಂದ್ರಗಳಿಗೆ ಹೋದರು. ಬೋರ್ಡಿನ ಮೇಲೆ ಹಳೆಯ ಹೆಸರೇ ಇದೆ. ಆದರೆ ಓಣಿ ಬೇರೆ, ನೆರೆಮನೆಯವರು ಬೇರೆ, ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ಕಾಣುವ ದಿಕ್ಕೂ ಬೇರೆ. ಬೇಸಿಗೆಯಲ್ಲಿ ನೀರು ಇಳಿದಾಗ ಎಷ್ಟೋ ಜನ ಕೆಸರು ಒಣಗಿದ ದಾರಿ ಹಿಡಿದು ಹಳೆಯ ಜಾಗಕ್ಕೆ ನಡೆದು ಹೋಗುತ್ತಾರೆ. ಅಲ್ಲಿ ಮಾಡುವ ಕೆಲಸ ಏನೂ ಇಲ್ಲ. "ಇದು ನಮ್ಮ ಪಡಸಾಲಿ, ಇಲ್ಲಿ ದನಾ ಕಟ್ತಿದ್ವಿ" ಎಂದು ಮಕ್ಕಳಿಗೆ ತೋರಿಸಿ ತಿರುಗಿ ಬರುತ್ತಾರೆ, ಅಷ್ಟೇ.

ಇನ್ನು ಮನುಷ್ಯನ ವಿಷಯ. ಗುಡ್ಡ ಹತ್ತುವಾಗ ಇದು ತಾನಾಗಿ ತಿಳಿಯುತ್ತದೆ. ಒಂದೇ ಉಸಿರಿಗೆ ಹತ್ತಿದ ದಾರಿಯಲ್ಲಿ ಈಗ ಮೂರು ಕಡೆ ಕೂಡಬೇಕು. ಕೂಡುವ ಬಂಡೆ ಅದೇ, ಕೂತವನ ಮೊಣಕಾಲು ಅದಲ್ಲ. ಆದರೆ ಗುಡ್ಡವೂ ಹಾಗೇ ಇದೆ ಎನ್ನುವಂತಿಲ್ಲ. ಚೈತ್ರದಲ್ಲಿ ಕಳ್ಳಿ, ಜಾಲಿ ಬಿಟ್ಟರೆ ಬರೀ ಕಲ್ಲು. ಎರಡು ಮಳೆ ಬಿದ್ದರೆ ಕರಕಿ ಚಿಗುರಿ ಗುರುತೇ ಹತ್ತುವುದಿಲ್ಲ. ಆದರೂ ಇದು ಬೇರೆ ಗುಡ್ಡ ಎಂದು ಯಾರೂ ಅರ್ಧ ದಾರಿಯಿಂದ ತಿರುಗಿ ಹೋದದ್ದಿಲ್ಲ.

ಮೊಮ್ಮಗನ ಪ್ರಶ್ನೆ ಹಳೆಯದು. ಎರಡು ಸಾವಿರ ವರ್ಷಗಳ ಹಿಂದೆ ಮಿಲಿಂದನೆಂಬ ಗ್ರೀಕ್ ಅರಸನಿಗೂ ನಾಗಸೇನನೆಂಬ ಬೌದ್ಧ ಭಿಕ್ಷುವಿಗೂ ಇದೇ ಚರ್ಚೆ ನಡೆದದ್ದು ಪಾಳಿ ಗ್ರಂಥವಾದ ಮಿಲಿಂದಪಞ್ಹದಲ್ಲಿದೆ. ಭಿಕ್ಷು ಕೊಟ್ಟ ಒಂದು ದೃಷ್ಟಾಂತ ಹೀಗಿದೆ. ಒಬ್ಬ ಕಳ್ಳ ಮತ್ತೊಬ್ಬರ ಮಾವಿನಹಣ್ಣು ಕದ್ದು ಸಿಕ್ಕಿಬಿದ್ದ. "ಇವನು ನೆಟ್ಟ ಮಾವೇ ಬೇರೆ, ನಾ ಕಿತ್ತ ಮಾವೇ ಬೇರೆ, ನನ್ನದೇನು ತಪ್ಪು?" ಎಂದು ವಾದ ಮಾಡಿದ. ನೆಟ್ಟದ್ದು ಮಣ್ಣಲ್ಲಿ ಕರಗಿ ಹೋಗಿತ್ತು ಎನ್ನುವುದು ನಿಜ. ಆದರೂ ಅವನಿಗೆ ಶಿಕ್ಷೆ ತಪ್ಪುವುದಿಲ್ಲ, ಏಕೆಂದರೆ ಈ ಹಣ್ಣು ಆ ಮಾವಿನಿಂದಲೇ ಬಂದದ್ದು. ಅದೇ ಎನ್ನುವಂತಿಲ್ಲ, ಬೇರೆ ಎಂದು ಕೈ ತೊಳೆದುಕೊಳ್ಳುವಂತೆಯೂ ಇಲ್ಲ. ಯಜಮಾನರ ಹರಕೆಗೂ ಈ ಲೆಕ್ಕ ಹತ್ತುತ್ತದೆ. ಅವತ್ತು ಉಳಿದ ಕೂಸಿನ ಮಗನೇ ಇವತ್ತು ಪಕ್ಕದಲ್ಲಿ ನಡೆಯುತ್ತ ಪ್ರಶ್ನೆ ಕೇಳುತ್ತಿದ್ದಾನಲ್ಲ!

ಇಂಗ್ಲೆಂಡಿನ ಜಾನ್ ಲಾಕ್ ಎಂಬ ತತ್ವಜ್ಞಾನಿ 17ನೇ ಶತಮಾನದಲ್ಲಿ ಬೇರೊಂದು ಮಾತು ಹೇಳಿದ. ಹಿಂದೆ ಮಾಡಿದ್ದನ್ನು ತಾನೇ ಮಾಡಿದೆನೆಂದು ಎಲ್ಲಿಯವರೆಗೆ ನೆನಪಿನಲ್ಲಿ ತಂದುಕೊಳ್ಳಬಲ್ಲನೋ ಅಲ್ಲಿಯವರೆಗೆ ಮನುಷ್ಯ ಅವನೇ ಎಂದ. ಮಾತು ಚೆಂದ ಇದೆ, ಆದರೆ ನಮ್ಮ ಮನೆಗಳಲ್ಲಿ ಅದು ಪೂರಾ ನಡೆಯುವುದಿಲ್ಲ. ಗಂಡ ಮರೆತ ಹರಕೆಯನ್ನು ಹೆಂಡತಿ ನೆನಪಿಟ್ಟಿರುತ್ತಾಳೆ. "ಏನ್ರೀ, ಗುಡ್ಡದ ಹರಕಿ ಹಾಂಗ ಉಳೀತಲ್ಲ" ಎಂದು ಊಟಕ್ಕೆ ಕೂತಾಗ ತೆಗೆಯುತ್ತಾಳೆ. ಮುಪ್ಪಿನಲ್ಲಿ ಎಲ್ಲ ಮರೆತ ತಾಯಿಯ ಪರವಾಗಿ ಮಗ ಬಂದು ತೀರಿಸಿ ಹೋಗುತ್ತಾನೆ. ಒಬ್ಬನ ಗುರುತು ಅವನ ತಲೆಯೊಳಗೆ ಮಾತ್ರ ಇಟ್ಟದ್ದಲ್ಲ, ಸುತ್ತಲಿನವರ ಹತ್ತಿರವೂ ಸ್ವಲ್ಪ ಸ್ವಲ್ಪ ಇರುತ್ತದೆ. ಪುನರ್ವಸತಿಯಲ್ಲಿ ಓಣಿಯವರೆಲ್ಲ ಚದುರಿ ಹೋದಾಗ ಹಿರಿಯರು ಸೊರಗಿದ್ದು ಬರೀ ಹೊಲ ಹೋದದ್ದಕ್ಕಲ್ಲ. ಅವರನ್ನು ಹುಡುಗತನದಿಂದ ಬಲ್ಲವರು ಎದುರಿಗೆ ಇಲ್ಲವಾದರು.

ಇಲ್ಲಿ ಒಂದು ಮಾತು ಬಿಡುವಂತಿಲ್ಲ. ಕುಡಿತ ಬಿಟ್ಟವನು ಗುಡ್ಡಕ್ಕೆ ಬಂದು "ಈಗ ನಾ ಆ ಮನುಷ್ಯ ಅಲ್ಲ" ಎನ್ನುತ್ತಾನೆ. ಆ ಮಾತನ್ನು ನಂಬಬೇಕು, ನಂಬದಿದ್ದರೆ ಅವನು ಬದಲಾಗಿ ಏನು ಬಂತು? ಆದರೆ ಕುಡಿದಾಗ ಮಾಡಿದ ಸಾಲಕ್ಕೆ ಅದೇ ಮಾತು ಹೇಳಿದರೆ ಅಂಗಡಿಯವನು ಒಪ್ಪುವುದಿಲ್ಲ, ಒಪ್ಪಲೂಬಾರದು. ಚಟ ಸಾಯಬಹುದು, ಋಣ ಹಾಗೆ ಸಾಯುವುದಿಲ್ಲ.

ದೇವರ ವಿಷಯದಲ್ಲೂ ಎರಡು ರೀತಿ ನಡೆದಿದೆ. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯ ಸ್ಥಳವನ್ನು ಬೇರೆ ಕಡೆ ಒಯ್ಯಲಿಲ್ಲ. ಸುತ್ತ ಗೋಡೆ ಕಟ್ಟಿ ಬಾವಿಯಂತೆ ಮಾಡಿದ್ದಾರೆ. ಹೊರಗೆ ನೀರು ತುಂಬಿ ನಿಂತಿದ್ದರೂ ಭಕ್ತರು ಮೆಟ್ಟಿಲು ಇಳಿದು ಹೋಗಿ ದರ್ಶನ ಮಾಡುತ್ತಾರೆ. ಮುಳುಗಿದ ಹಳ್ಳಿಗಳ ದೇವರುಗಳಾದರೋ ಊರ ಮಂದಿಯ ಜೊತೆ ಹೊಸ ಜಾಗಕ್ಕೆ ನಡೆದವು. ಅಲ್ಲೇ ಉಳಿದದ್ದು ನಿಜ, ಹೋದದ್ದು ಸುಳ್ಳು ಎಂದು ಯಾರೂ ಅನ್ನಲಿಲ್ಲ. ಎರಡೂ ಕಡೆ ದೀಪ ಹಚ್ಚುವವರು ಇದ್ದಾರೆ.

ಹಾಗಾದರೆ ಯಜಮಾನರು ಕೊಡದಲ್ಲಿ ತಂದದ್ದು ಯಾವ ನೀರು? ಬೇಡಿಕೊಂಡಾಗ ಇದ್ದ ಘಟ್ಟ ಆಳದಲ್ಲಿದೆ. ಅವರು ಹಿನ್ನೀರು ಈಗ ಬಂದು ಮುಟ್ಟುವ ಹೊಲದ ಬದುವಿನ ಹತ್ತಿರ ಬಗ್ಗಿ ತುಂಬಿಕೊಂಡರು. ಈ ದಂಡೆಯೂ ನಿಲ್ಲುವ ಭರವಸೆ ಇಲ್ಲ. 2010ರಲ್ಲಿ ಎರಡನೆಯ ಕೃಷ್ಣಾ ನ್ಯಾಯಾಧಿಕರಣ 524.256 ಮೀಟರ್‌ವರೆಗೆ ನೀರು ನಿಲ್ಲಿಸಲು ಹೇಳಿದೆ. ಹಾಗಾದಾಗ ದಂಡೆ ಇನ್ನಷ್ಟು ಮೇಲೆ ಬರುತ್ತದೆ, ಮತ್ತಷ್ಟು ಜನ ಗಂಟು ಕಟ್ಟಬೇಕಾಗುತ್ತದೆ.

ಮೊಮ್ಮಗನಿಗೆ ಯಜಮಾನರು ಹೇಳಿದ್ದು ಇಷ್ಟೇ: "ಹೊತ್ತಾಂವ ಯಾರರ ಇರ್ಲೆಪಾ, ಉಳದದ್ದು ನಿಮ್ಮಪ್ಪ." ಅರ್ಧ ಗುಡ್ಡದ ಬಂಡೆಯ ಹತ್ತಿರ ಮೊಣಕಾಲು ನಡುಗಿ ಕೂತರು. ಹುಡುಗ ಮಾತಾಡದೆ ಸಿಂಬಿ ತಲೆಗಿಟ್ಟುಕೊಂಡು ಕೊಡ ಎತ್ತಿಕೊಂಡ. ಮುಂದೆ ನಡೆದು ಒಮ್ಮೆ ತಿರುಗಿ ನೋಡಿ, ಮುತ್ಯಾ ಏಳುವವರೆಗೆ ನಿಂತ.